ಕುರಿಗಳಿಗೆ ಕೇಳಿಸಿದ ಟ್ಯೂನು

ಮನೆಯಲ್ಲಿ ಒಂದು ಕೋಣೆ ಹೆಚ್ಚಿಗೆ ಇರಬಾರದು. ಇದ್ದರೆ ಗಂಡಸಿಗೆ ಅದರೊಳಗೆ ಏನಾದರೊಂದು ಹುಚ್ಚು ಹತ್ತಿಕೊಳ್ಳುತ್ತದೆ. ಹಿರಿಯೂರಿನ ನಮ್ಮ ಮನೆಯ ಕೋಣೆಯಲ್ಲಿ ನನಗೆ ಹತ್ತಿದ್ದು ಸಂಗೀತದ ಹುಚ್ಚು. ಹಾಡುವುದಲ್ಲ, ನೆರೆಹೊರೆಯವರ ಪುಣ್ಯ ದೊಡ್ಡದು. ಬಯಲಿನ ಸದ್ದುಗಳನ್ನು ರೆಕಾರ್ಡ್ ಮಾಡಿ ತರುವುದು, ಅಪ್ಪನ ಕಾಲದ ಟೇಪ್ ರೆಕಾರ್ಡರಿಗೆ ಹಾಯಿಸಿ ದನಿಯನ್ನು ಕೊಂಚ ಬೆಚ್ಚಗೆ ಮಾಡುವುದು, ಆಮೇಲೆ ಲ್ಯಾಪ್‌ಟಾಪಿನಲ್ಲಿ ಕೀಬೋರ್ಡಿನ ಸ್ವರಗಳ ಜೊತೆ ಬೆರೆಸುವುದು, ಇದು ನನ್ನ ಕಸುಬು. ಬೆಚ್ಚಗೆ ಎಂದರೇನೆಂದು ಹೆಂಡತಿ ಗಿರಿಜೆಗೆ ಒಮ್ಮೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ಟೇಪು ಬೆಚ್ಚಗಲ್ಲ, ಸುಡ್ತಾ ಐತೆ, ಆಫ್ ಮಾಡ್ರಿ" ಎಂದಳು.

ಗಿರಿಜೆ ಪಡಸಾಲೆಯಲ್ಲಿ ಹೊಲಿಗೆ ಮಷೀನಿಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ಅಳತೆ ಕೊಡಲು ಬಂದ ಹೆಂಗಸರು ಬೀದಿಗೆ ಕಾಣುವಂತೆ ನಿಲ್ಲಬೇಕು. ಹಾಗಾಗಿ ಅವಳ ಕಣ್ಣು ನನ್ನ ಕೋಣೆಯ ಮೇಲೆ. ಕೊನೆಗೊಂದು ಪಂದ್ಯ ಕಟ್ಟಿದಳು. "ನಿಮ್ಮ ಟ್ಯೂನು ಕೇಳಿ ನಮ್ಮ ಮಾವ ಚೆನ್ನಾಗೈತೆ ಅಂದ್ರೆ ಕೋಣೆ ನಿಮ್ದು. ಇಲ್ದಿದ್ರೆ ನನ್ನ ಮಷೀನು ಒಳಕ್ಕೆ ಬರ್ತೈತೆ."

ಮಾವ ಎಂದರೆ ಅವಳ ಸೋದರಮಾವ ತಿಪ್ಪಣ್ಣ, ಯಲ್ಲದಕೆರೆಯಲ್ಲಿ ಕುರಿ ಸಾಕಿಕೊಂಡಿರುವವರು. ನಾನು ಒಳಗೊಳಗೇ ಹಿಗ್ಗಿದೆ. ಅವರ ಗಂಟಲನ್ನೇ ಸಂಗೀತ ಮಾಡಿಬಿಟ್ಟರೆ ಚೆನ್ನಾಗಿಲ್ಲ ಎಂದಾರೆಯೇ? ಒಂದು ಭಾನುವಾರ ಇಬ್ಬರೂ ಹೋದೆವು. ಮಾವ ಬಯಲಲ್ಲಿ ನಿಂತು ಕುರಿಗಳನ್ನು ಕೂಗಿ ಕರೆಯುವುದನ್ನು ರೆಕಾರ್ಡ್ ಮಾಡತೊಡಗಿದೆ. ನಡುನಡುವೆ ಗಿರಿಜೆ ಮೆಕ್ಕೆಜೋಳದ ಡಬ್ಬ ಅಲ್ಲಾಡಿಸಿ ಮರಿಗಳನ್ನು ಕರೆಯುತ್ತಿದ್ದಳು.

"ಒಂದ್ ಗಳಿಗೆ ಸುಮ್ನಿರೇ ಮಾರಾಯ್ತಿ!" ಎಂದು ರೇಗಿದೆ.

"ಅವಕ್ಕೆ ಹಸಿವಾಗೈತ್ರಿ. ನಿಮ್ಮ ಸಂಗೀತ ತಿಂತಾವಾ?"

ವಾರವೆಲ್ಲ ಕೂತು ಆ ಹಾಳು ಡಬ್ಬದ ಸದ್ದನ್ನು ಹುಡುಕಿ ಹುಡುಕಿ ಕತ್ತರಿಸಿದೆ. ಮಾವನ ಕೂಗನ್ನು ನಿಧಾನಗೊಳಿಸಿ, ಟೇಪಿಗೆ ಹಾಯಿಸಿ, ಕೆಳಗೊಂದು ಗಂಭೀರವಾದ ಶ್ರುತಿ ಇಟ್ಟೆ. ಕೇಳಿ ನನಗೇ ಕಣ್ಣು ತುಂಬಿ ಬಂತು.

ಮುಂದಿನ ಭಾನುವಾರ ಸ್ಪೀಕರ್ ಹೊತ್ತು ಮತ್ತೆ ಹೋದೆವು. ಕುರಿಗಳು ಅತ್ತ ಮೇಯುತ್ತಿದ್ದವು. ಮಾವ ಕಂಬಳಿ ಹಾಸಿ, "ಕುಂತ್ಕಳ್ರಿ ಅಳಿಯಂದ್ರೆ" ಎಂದರು. ಟ್ಯೂನು ಹಾಕಿದೆ. ಕೈಯಲ್ಲಿದ್ದ ಬೀಡಿ ಆರಿದರೂ ಅವರಿಗೆ ಗೊತ್ತಾಗಲಿಲ್ಲ. ಕೋಣೆ ಉಳಿಯಿತು ಎಂದುಕೊಂಡೆ.

"ಪಾಪ, ಯಾರಿಗ್ರಿ ಹುಷಾರಿಲ್ಲ?" ಎಂದರು ಮಾವ.

"ಅದು ನಿಮ್ದೇ ದನಿ ಮಾವ!"

"ನಂದಾ? ನಾನು ಕೂಗಿದ್ರೆ ಕುರಿ ತಲೆನಾದ್ರೂ ಎತ್ತತಾವಪ್ಪ."

ಒಂದೂ ಎತ್ತಿರಲಿಲ್ಲ. ನನಗೆ ನಿಜಕ್ಕೂ ಅವಮಾನವಾಯಿತು. ಅಷ್ಟರಲ್ಲಿ ಟ್ಯೂನಿನ ಕೊನೆ ಬಂತು ನೋಡಿ, ಇಡೀ ಹಿಂಡು ನಮ್ಮತ್ತ ನುಗ್ಗಿತು! ಕತ್ತರಿಸಲು ಮರೆತಿದ್ದ ತುಣುಕೊಂದರಲ್ಲಿ ಜೋಳದ ಡಬ್ಬ ಗಲಗಲ ಎನ್ನುತ್ತಿತ್ತು. ಸ್ಪೀಕರ್ ಉರುಳಿತು. ನಾನು ಕಂಬಳಿಯಿಂದಾಚೆ ಹಾರಿದೆ. ಟಗರೊಂದು ಸ್ಪೀಕರನ್ನು ನೆಕ್ಕಿ ನೋಡಿತು.

"ಹಾಂ, ಇದು ಚೆನ್ನಾಗೈತೆ! ಇದನ್ನ ಬಾರಿಸಿದ್ದು ಯಾರು?" ಎಂದರು ಮಾವ.

"ನಾನೇ ಮಾವ" ಎಂದಳು ಗಿರಿಜೆ.

ಚೆನ್ನಾಗೈತೆ ಎಂದದ್ದು ನನ್ನ ಟ್ಯೂನಿಗೇ ತಾನೇ ಎಂದು ದಾರಿಯುದ್ದಕ್ಕೂ ವಾದಿಸಿದೆ. ನಡೆಯಲಿಲ್ಲ. ಈಗ ಪಡಸಾಲೆಯಲ್ಲಿ ನಾನು, ಕೋಣೆಯಲ್ಲಿ ಮಷೀನು. ಅದರ ಸದ್ದು ಒಳ್ಳೆಯ ಲಯದಲ್ಲಿ ಬರುತ್ತದೆ. ರೆಕಾರ್ಡ್ ಮಾಡಿಕೊಳ್ಳಲೇ ಎಂದು ಕೇಳಿದ್ದಕ್ಕೆ, "ಮಾಡ್ಕಳ್ರಿ, ಈ ಸಲ ಏನೂ ಕತ್ತರಿಸಬ್ಯಾಡ್ರಿ" ಎಂದಳು. ಕತ್ತರಿಸಿಲ್ಲ. ಟ್ಯೂನು ಮುಗಿದೂ ಆಗಿದೆ. ಆದರೆ ಒಮ್ಮೆ ಯಲ್ಲದಕೆರೆಗೆ ಹೋಗಿ ಕುರಿಗಳಿಗೆ ಕೇಳಿಸದ ಹೊರತು, ಅದು ಚೆನ್ನಾಗಿದೆಯೋ ಇಲ್ಲವೋ ಎಂದು ಹೇಳುವ ಧೈರ್ಯ ನನಗಿಲ್ಲ.