ದೀಪ ಬೆಳಗುವವನು ಹಲ್ಲು ಬೆಳಗಿದ್ದು

ತಂಗಿಯನ್ನು ಹಲ್ಲಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಬೇಕಾಗಿತ್ತು, ನಾನು ಹೋಗಲಿಲ್ಲ. ಕೊಬ್ಬರಿ ಒಡೆಸಬೇಕು, ಪುರುಸೊತ್ತಿಲ್ಲ ಎಂದೆಲ್ಲ ಹೇಳಿದೆ. ನಿಜವೆಂದರೆ ನನಗೆ ಹಲ್ಲಿನ ಡಾಕ್ಟರ ಆ ಒರಗು ಕುರ್ಚಿ ಕಂಡರೇ ಭಯ. ಕೂರಬೇಕಾದವಳು ಅವಳು, ಹೆದರಿದವನು ನಾನು.

ಗಿರಿಜಳಿಗೆ ಹಳೇಬೀಡಿನಲ್ಲಿ ಪ್ರವಾಸಿಗರಿಗೆ ಗುಡಿ ತೋರಿಸುವ ಗೈಡ್ ಕೆಲಸ ಸಿಕ್ಕಿತ್ತು. ಹಾರನಹಳ್ಳಿಯ ನಮ್ಮ ತೋಟದ ಬೋರ್‌ವೆಲ್ ನೀರು ಕುಡಿದೇ ಬೆಳೆದವಳು. ಹಲ್ಲು ಕಂದು ಹಳದಿ. "ದಿನವೆಲ್ಲ ಜನರ ಮುಂದೆ ಬಾಯಿ ಬಿಡ್ಬೇಕು ಕಣಣ್ಣ. ಅರಸೀಕೆರೆಗೋಗಿ ತೋರಿಸ್ಕಂಡು ಬರಾಣ" ಎಂದಳು.

"ಇಷ್ಟಕ್ಕೆಲ್ಲ ಡಾಕ್ಟ್ರು ಯಾಕೆ? ನಾನಿಲ್ವೇನೇ?" ಎಂದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಧೈರ್ಯ ಜಾಸ್ತಿ. ಹಬ್ಬಕ್ಕೆ ಮನೆಯ ಹಿತ್ತಾಳೆ ದೀಪಗಳನ್ನು ಬೆಳಗುವವನು ನಾನೇ. ತೆಂಗಿನ ಚಿಪ್ಪು ಸುಟ್ಟ ಇದ್ದಿಲ ಪುಡಿಗೆ ಉಪ್ಪು, ನಿಂಬೆರಸ ಸೇರಿಸಿ ತಿಕ್ಕಿದರೆ ದೀಪದಲ್ಲಿ ಮುಖ ನೋಡಿಕೊಳ್ಳಬಹುದು. ದೀಪಕ್ಕೆ ಆಗುವುದು ಹಲ್ಲಿಗೆ ಯಾಕಾಗಬಾರದು? ಮೊಬೈಲಿನಲ್ಲೂ ಒಬ್ಬ ಮಹಾರಾಯ ಅದನ್ನೇ ಹೇಳುತ್ತಿದ್ದ. ಅವನು ಅಡುಗೆ ಸೋಡಾ ಸೇರಿಸಿದ್ದ, ನಾನೂ ಸೇರಿಸಿದೆ.

"ಬೆಳ್ಳಗಾಯ್ತೇನಣ್ಣ?" ಎಂದು ದಿನಾ ಬೆಳಿಗ್ಗೆ ಆ ಪುಡಿಯಲ್ಲಿ ಹಲ್ಲು ತಿಕ್ಕಿಕೊಂಡು ಬಂದು ಕೇಳುವಳು. ಇದ್ದಿಲ ಪಕ್ಕದಲ್ಲಿ ಏನಿಟ್ಟರೂ ಬೆಳ್ಳಗೇ ಕಾಣುತ್ತದೆ. "ಹಾಲು ಕಣೇ" ಎನ್ನುತ್ತಿದ್ದೆ. ಆಮೇಲೆ ವಸಡು ಕೆಂಪಗಾಯಿತು. ತಣ್ಣೀರು ತಾಕಿದರೆ ಚೀರತೊಡಗಿದಳು. ಬಿಸಿ ಮುದ್ದೆ ಆರಲೆಂದು ಅವಳು ತಟ್ಟೆಯ ಮುಂದೆ ಕಾಯುತ್ತ ಕೂತರೆ ನಾನು ಅವಳ ಕಡೆ ನೋಡದೆ ಬೇಗ ಬೇಗ ಉಂಡು ಎದ್ದುಬಿಡುತ್ತಿದ್ದೆ.

ಕೊನೆಗೆ ಅವಳೇ ಅರಸೀಕೆರೆ ಬಸ್ಸು ಹತ್ತಿದಳು. ನಾನೂ ಹಿಂದೆ ಹತ್ತಿ, ಆಸ್ಪತ್ರೆಯ ಬಾಗಿಲಾಚೆ ನಿಂತೆ.

"ಇದು ಮೇಲೆ ಹತ್ತಿದ ಕೊಳೆಯಲ್ಲಮ್ಮ, ಚಿಕ್ಕಂದಿನಲ್ಲಿ ಕುಡಿದ ಬೋರ್‌ವೆಲ್ ನೀರಿನ ಫ್ಲೋರೈಡ್ ಕಲೆ" ಎಂದು ಡಾಕ್ಟರಮ್ಮ ಹೇಳುವುದು ಕೇಳಿಸಿತು. "ತಿಕ್ಕಿದ್ರೆ ಕಲೆ ಹೋಗಲ್ಲ, ಹಲ್ಲಿನ ಪದರವೇ ಸವೆಯುತ್ತೆ. ಸವೆದದ್ದು ಮತ್ತೆ ಬೆಳೆಯಲ್ಲ. ಯಾರಮ್ಮ ಈ ಔಷಧ ಹೇಳ್ಕೊಟ್ಟಿದ್ದು?"

"ಮೊಬೈಲ್‌ನಲ್ಲಿ ನೋಡ್ದೆ ಮೇಡಂ" ಎಂದಳು ಗಿರಿಜ. ನನ್ನ ಹೆಸರು ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ.

ನೋವು ಕಮ್ಮಿಯಾಗಿ ಕೆಲಸಕ್ಕೆ ಸೇರಿದಳು. ಆದರೆ ಮಾತಾಡುವಾಗ ಕೈ ಬಾಯಿಗೆ ಅಡ್ಡ. ಒಂದು ಭಾನುವಾರ ಅವಳಿಗೆ ಹೇಳದೆ ಹಳೇಬೀಡಿಗೆ ಹೋಗಿ ಪ್ರವಾಸಿಗರ ಹಿಂದೆ ನಿಂತೆ. ಯಾರೋ ಒಬ್ಬರು ಶಿಲ್ಪದ ಮುಖವನ್ನು ಕರ್ಚೀಫಿನಿಂದ ತಿಕ್ಕಲು ಹೊರಟರು. ಅಷ್ಟರಲ್ಲಿ ಗಿರಿಜಳ ಕಣ್ಣಿಗೆ ನಾನು ಬಿದ್ದೆ. ಅವಳು ಬಾಯಿಗೆ ಅಡ್ಡವಿದ್ದ ಕೈ ತೆಗೆದಳು.

"ತಿಕ್ಕಬೇಡಿ ಸಾರ್. ಬೆಳ್ಳಗೆ ಮಾಡ್ತೀನಿ ಅಂತ ಮೂಗೇ ಸವೆಸೋ ಅಣ್ಣಂದಿರು ಇರ್ತಾರೆ" ಎಂದು ಅಷ್ಟೂ ಹಲ್ಲು ಕಾಣುವಂತೆ ನಕ್ಕಳು. "ಯಾರಾದ್ರೂ ಏನಾದ್ರೂ ಕೇಳೋದು ಇದೆಯಾ?"

ನಾನು ಕೈ ಎತ್ತಿದೆ. ಎಲ್ಲರೂ ತಿರುಗಿ ನೋಡಿದರು.

"ತಪ್ಪಾಯ್ತು ಕಣವ್ವ" ಎಂದೆ. "ಆ ಹಲ್ಲಿನ ಡಾಕ್ಟ್ರ ಕುರ್ಚಿಗೆ ಹೆದರ್ಕಂಡಿದ್ದೋನು ನಾನು. ನಿನ್ನ ಹಲ್ಲು ಮೊದ್ಲೇ ಚೆನ್ನಾಗಿತ್ತು."