ತಂತಿಯವನ ಇಂಗ್ಲಿಷು

ನನ್ನ ಇಂಗ್ಲಿಷಿನಿಂದ ಯಾರಿಗೂ ಗಾಬರಿಯಾಗದೆ ಒಂದು ತಿಂಗಳು ಕಳೆದುಬಿಟ್ಟರೆ ನನ್ನ ಹೆಂಡತಿ ಹಣೆ ಮುಟ್ಟಿ ನೋಡುತ್ತಾಳೆ, ಇವರಿಗೆ ಹುಷಾರಿಲ್ವಾ ಅಂತ. ತಪ್ಪು ನನ್ನದಲ್ಲ ಮಾರಾಯ್ರೆ. ನನ್ನ ಸರ್ವೀಸು ಪೂರ್ತಿ ಕಳೆದದ್ದು ಶಿವಮೊಗ್ಗ, ಭದ್ರಾವತಿಯ ತಂತಿ ಕೌಂಟರುಗಳಲ್ಲಿ. ತಂತಿ ಅಂದರೆ ಟೆಲಿಗ್ರಾಂ. ಪದಕ್ಕಿಷ್ಟು ಅಂತ ರೇಟು. ಜನ ಹತ್ತು ಸಾಲು ಬರೆದುಕೊಂಡು ಬರೋರು, ನಾನು ಕೆಂಪು ಪೆನ್ನಲ್ಲಿ ಹೊಡೆದು ಹೊಡೆದು ನಾಲ್ಕು ಪದಕ್ಕೆ ಇಳಿಸೋನು. ಹಾಗಾಗಿ ಕನ್ನಡದಲ್ಲಿ ನಾನೆಷ್ಟು ಬಾಯಿಬಡುಕನೋ ಇಂಗ್ಲಿಷಿನಲ್ಲಿ ಅಷ್ಟೇ ಜಿಪುಣ. ‘ಅಪ್ಪಾ, ಮೊಬೈಲಲ್ಲಿ ಎಷ್ಟು ಬರೆದರೂ ಪುಕ್ಕಟೆ’ ಅಂತ ಮಗಳು ನೂರು ಸಲ ಹೇಳಿದ್ದಾಳೆ. ಕೈ ಕೇಳಬೇಕಲ್ಲ!

ಇಲ್ಲಿ ಹೇಳಿರುವುದರಲ್ಲಿ ಕೊನೆಯದು ನಡೆದಾಗ ನನ್ನ ಹೆಂಡತಿ ಬದುಕಿದ್ದಾಳೋ ಇಲ್ಲವೋ ಅನ್ನೋದೇ ಗೊತ್ತಿರಲಿಲ್ಲ. ಈಗ ಅವಳು ಅಡುಗೆಮನೆಯಿಂದ ನನ್ನನ್ನು ಬೈಯುತ್ತಿರೋದು ಇಲ್ಲಿಗೆ ಸ್ಪಷ್ಟವಾಗಿ ಕೇಳಿಸ್ತಿದೆ. ಆ ಧೈರ್ಯದ ಮೇಲೆ ಬರೀತಿದ್ದೀನಿ.

ಎಂಟು

ಶುಭಾಶಯದ ತಂತಿಗಳಿಗೆ ನಮ್ಮಲ್ಲಿ ನಂಬರುಗಳಿದ್ದವು. ಎಂಟು ಅಂತ ಕಳಿಸಿದರೆ ಸಾಕು, ಆ ಕಡೆ ಕೂತವನು ‘ಬೆಸ್ಟ್ ವಿಷಸ್ ಫಾರ್ ಎ ಲಾಂಗ್ ಅಂಡ್ ಹ್ಯಾಪಿ ಮ್ಯಾರೀಡ್ ಲೈಫ್’ ಅಂತ ಪೂರ್ತಿ ಬರೆದು ಮನೆಗೆ ಮುಟ್ಟಿಸೋನು.

ನಮ್ಮ ಬೀದಿಯ ಹುಡುಗನಿಗೆ ಶಿವಮೊಗ್ಗದಲ್ಲಿ ಮದುವೆ. ಹುಡುಗಿ ಕಡೆಯವರು ಹುಬ್ಬಳ್ಳಿಯವರು. ಲಗ್ನಪತ್ರಿಕೆ ವಾಟ್ಸಾಪಿನಲ್ಲಿ ಬಂತು. ನಾನು ಮನಸಾರೆ ಹಾರೈಸಿ ಒಂದು ಅಂಕಿ ಕಳಿಸಿದೆ: 8.

ಮದುವೆ ದಿನ ನಾವಿಬ್ಬರೂ ಊಟದ ಹಾಲಿಗೆ ಹೋದರೆ, ಮೊದಲ ಸಾಲಿನಲ್ಲಿ ಎಂಟು ಎಲೆ ಹಾಕಿಸಿಕೊಂಡು ಹುಡುಗಿಯ ಸೋದರಮಾವ ಯಾರನ್ನೂ ಕೂರಲು ಬಿಡದೆ ಕಾವಲು ನಿಂತಿದ್ದಾರೆ.

‘ಬರ್ರಿ ಸರ್, ಬರ್ರಿ. ಉಳಿದ ಆರು ಮಂದಿ ಎಲ್ಲದಾರ್ರೀ?’

‘ಯಾವ ಆರು ಮಂದಿ?’

‘ನೀವ ಎಂಟು ಅಂತ ಕಳಿಸೀರಂತಲ್ರೀ! ಲಾಡ್ಜಿನ್ಯಾಗ ನಾಕು ರೂಮ್ ಹಿಡಿದೀವಿ.’

ನಾನು ತಂತಿ ಇಲಾಖೆಯ ಚರಿತ್ರೆಯನ್ನೆಲ್ಲ ಬಿಡಿಸಿ ಹೇಳಿದೆ. ಅವರು ಕೈಮುಗಿದು, ‘ಆತು ಬಿಡ್ರೀ, ಮೊದಲ ಊಟ ಮಾಡ್ರಿ’ ಅಂದರು. ಸದ್ಯ, ದೇವರು ದೊಡ್ಡವನು. ನಮ್ಮ ಪಟ್ಟಿಯಲ್ಲಿ ಮದುವೆಗೆ ಇನ್ನೊಂದು ಆಶೀರ್ವಾದ ಇತ್ತು. ಅದರ ನಂಬರು ಹದಿನಾರು.

ಆಗ್ರಾಕ್ಕೆ ಮೂರು ಸಲ

ಹೊಸ ಫ್ರಿಜ್ಜು ಬುಕ್ ಮಾಡಿದ್ದೆವು. ಅಡ್ರೆಸ್ಸು ಸರಿಯಾಗಿ ಬಿದ್ದಿಲ್ಲ ಅಂತ ಉತ್ತರದ ಕಡೆಯ ಒಂದು ಹುಡುಗಿ ಫೋನ್ ಮಾಡಿತು. ಪಾಪ, ತುಂಬಾ ಮರ್ಯಾದೆಯ ಹುಡುಗಿ. ಭದ್ರಾವತಿ ಅನ್ನೋ ಊರಿನ ಹೆಸರು ಅದಕ್ಕೆ ಎಷ್ಟು ಹೇಳಿದರೂ ತಿಳಿಯಲಿಲ್ಲ. ಸ್ಪೆಲ್ಲಿಂಗ್ ಹೇಳಿ ಸರ್ ಅಂತು.

ನಮ್ಮ ಕಾಲದಲ್ಲಿ ಟ್ರಂಕ್ ಕಾಲಿನಲ್ಲಿ ಅಕ್ಷರ ಕೇಳಿಸದಿದ್ದರೆ ಊರುಗಳ ಹೆಸರು ಹೇಳೋದು ರೂಢಿ. ಊರಿನ ಮೊದಲ ಅಕ್ಷರ ತಗೊಂಡು ಬರೆದುಕೊಳ್ಳಬೇಕು. ನಾನು ಬೆನ್ನು ನೆಟ್ಟಗೆ ಮಾಡಿ ಕೂತು ಶುರು ಮಾಡಿದೆ: ‘ಬಾಂಬೆ. ಹೈದರಾಬಾದ್. ಆಗ್ರಾ. ಡೆಲ್ಲಿ. ರಾಜಕೋಟ್. ಆಗ್ರಾ. ವೆಲ್ಲೂರ್. ಆಗ್ರಾ. ತಿರುಚ್ಚಿ. ಇಂದೋರ್.’

ಹುಡುಗಿ ಎಲ್ಲವನ್ನೂ ಬರೆದುಕೊಂಡಿತು. ಆಮೇಲೆ ಮೆತ್ತಗೆ, ‘ಸರ್, ನಾವು ಒಂದೇ ಊರಿಗೆ ತಲುಪಿಸೋದು. ಆಗ್ರಾಕ್ಕೆ ಮೂರು ಸಲ ಯಾಕೆ ಹೋಗ್ತೀರಿ?’

ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಪಿನ್ ಕೋಡ್ ಹೇಳಿದಳು. ನಾಲ್ಕನೇ ದಿನ ಫ್ರಿಜ್ಜು ಸುರಕ್ಷಿತವಾಗಿ ಭದ್ರಾವತಿಗೇ ಬಂತು. ಅದರ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು: ‘ಗ್ರಾಹಕರು ದೇಶ ಸುತ್ತುತ್ತಿದ್ದಾರೆ. ಫೋನ್ ಮಾಡಿ, ಇದ್ದರೆ ಮಾತ್ರ ತಲುಪಿಸಿ.’

ಸಿಂಹ

ನಮ್ಮ ಅಳಿಯ ಕಾನ್ಪುರದವನು. ಬಂಗಾರದಂಥ ಹುಡುಗ. ಮಗಳೂ ಅವನೂ ಶಿವಮೊಗ್ಗದ ನವುಲೆಯಲ್ಲಿ ಮನೆ ಮಾಡಿಕೊಂಡಿದ್ದಾರೆ. ಕಾನ್ಪುರದ ಬೀಗರೂ ನಾವೂ ಸೇರಿ ಒಂದು ವಾಟ್ಸಾಪ್ ಗುಂಪಿದೆ.

ಒಂದು ಭಾನುವಾರ ಮೊಮ್ಮಗಳನ್ನು ತ್ಯಾವರೆಕೊಪ್ಪಕ್ಕೆ ಸಿಂಹ ತೋರಿಸಲು ಕರಕೊಂಡು ಹೋಗಿದ್ದೆ. ಮನೆಗೆ ಬಂದು, ಬೀಗರಿಗೂ ತಿಳಿದಿರಲಿ ಅಂತ ಗುಂಪಿಗೆ ಹಾಕಿದೆ: ‘ರಿಟರ್ನ್ಡ್ ಸೇಫ್ಲಿ ಫ್ರಮ್ ಲಯನ್ಸ್. ಲೆಟರ್ ಫಾಲೋಸ್.’ ಹಾಕಿ, ಫ್ಯಾನ್ ಕೆಳಗೆ ಹಾಯಾಗಿ ಮಲಗಿದೆ.

ಎದ್ದು ನೋಡಿದರೆ ಹದಿನೇಳು ಮಿಸ್ಡ್ ಕಾಲು. ಕಾನ್ಪುರದಲ್ಲಿ ಬೀಗಿತ್ತಿ ದೇವರ ಮುಂದೆ ದೀಪ ಹಚ್ಚಿ ಕೂತುಬಿಟ್ಟಿದ್ದಾರೆ. ಬೀಗರು ನಡುಗುವ ದನಿಯಲ್ಲಿ ಕೇಳಿದರು, ‘ಮಗುವಿಗೆ ಏನೂ ಆಗಿಲ್ಲ ತಾನೇ? ನಿಮಗೆ ಎಷ್ಟು ಹೊಲಿಗೆ ಬಿತ್ತು?’

‘ಹೊಲಿಗೆ ಯಾಕೆ? ಸಿಂಹ ಮರದ ಕೆಳಗೆ ಮಲಗಿತ್ತು. ನಮ್ಮ ಕಡೆ ತಿರುಗಿ ಸಹ ನೋಡಲಿಲ್ಲ.’

ಅವರಿಗೆ ಹೋದ ಜೀವ ಬಂತು. ಆದರೆ ನನಗೊಂದು ಕೆಲಸ ಉಳಿದಿತ್ತು. ಪತ್ರ ಬರುತ್ತೆ ಅಂತ ಹೇಳಿದ ಮೇಲೆ ಕಳಿಸದೆ ಇರೋಕಾಗುತ್ತಾ? ಇಲಾಖೆಯವನು ನಾನು. ಇನ್‌ಲ್ಯಾಂಡ್ ಲೆಟರ್ ತಂದು, ಎರಡು ಪುಟ ಬರೆದು ಪೋಸ್ಟ್ ಮಾಡಿದೆ. ವಾರ ಬಿಟ್ಟು ಬೀಗರು ಫೋನ್ ಮಾಡಿದರು: ‘ನಿಮ್ಮ ಪತ್ರ ಮುಟ್ಟಿತು. ಸಿಂಹ ಎದ್ದಿತೇ?’

ಸೀರಿಯಸ್

ಇನ್ನು ಕೊನೆಯದು.

ಕೌಂಟರಿನಲ್ಲಿ ಯಾರಾದರೂ ಅಳುತ್ತಾ ಬಂದು ‘ಫಾದರ್ ಎಕ್ಸ್‌ಪೈರ್ಡ್’ ಅಂತ ಬರೆದುಕೊಟ್ಟರೆ ನಾನದನ್ನು ಹೊಡೆದುಹಾಕಿ ‘ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ’ ಅಂತ ತಿದ್ದುತ್ತಿದ್ದೆ. ಎಲ್ಲೋ ದೂರದಲ್ಲಿರೋ ಮಗ ಎರಡು ದಿನ ರೈಲಲ್ಲಿ ಬರಬೇಕು. ಸತ್ತರು ಅಂತ ಗೊತ್ತಾದರೆ ದಾರಿಯಲ್ಲಿ ಒಂದು ಲೋಟ ನೀರಾದರೂ ಇಳಿಯುತ್ತಾ ಅವನಿಗೆ? ನಮ್ಮ ಕಾಲದವರಿಗೆಲ್ಲ ಇದು ಗೊತ್ತಿತ್ತು. ಸೀರಿಯಸ್ ಅಂತ ಓದಿದ ತಕ್ಷಣ ಮನೆಯಲ್ಲಿ ಗೋಳು ಶುರುವಾಗೋದು.

ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಶನ್ನಿಗೆ ಸೇರಿಸಿದ್ದೆವು. ‘ಪಾಪಾಜಿ, ನೀವು ಮನೆಗೆ ಹೋಗಿ ರೆಸ್ಟ್ ಮಾಡಿ, ನಾನಿರ್ತೀನಿ’ ಅಂತ ಅಳಿಯ ನನ್ನನ್ನು ಭದ್ರಾವತಿಗೆ ಕಳಿಸಿದ್ದ. ಬೆಳಿಗ್ಗೆ ಎಂಟು ಗಂಟೆಗೆ ಅವನ ಮೆಸೇಜು ಬಂತು: ‘ಮಮ್ಮೀಜಿ ಲಿಟಲ್ ಸೀರಿಯಸ್. ಡೋಂಟ್ ವರಿ. ಕಮ್.’

ಓದಿದವನೇ ಫೋನ್ ಮಾಡಿದೆ, ಅವನೂ ತೆಗೆಯಲಿಲ್ಲ, ಮಗಳೂ ತೆಗೆಯಲಿಲ್ಲ. ಸಾವಿರ ಜನಕ್ಕೆ ನನ್ನ ಕೈಯಾರೆ ಕಳಿಸಿದ ಸುಳ್ಳು ಈಗ ನನಗೇ ಬಂದಿದೆ ಅಂದುಕೊಂಡೆ. ಅವಳ ಕನ್ನಡಕ ಟೀವಿ ಮೇಲಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಚಿಕ್ಕ ಮಗುವಿನ ಹಾಗೆ ಅತ್ತೆ.

ಆಮೇಲೆ ಅವಳ ತಮ್ಮನ ನೆನಪಾಯಿತು. ಶಂಕರಘಟ್ಟದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ನಮ್ಮ ಮಗಳ ಲಗ್ನಪತ್ರಿಕೆಯಲ್ಲಿ ಅವನ ಹೆಸರು ಸಣ್ಣ ಅಕ್ಷರದಲ್ಲಿ ಬಿದ್ದಿತ್ತು ಅಂತ ಆರು ವರ್ಷದಿಂದ ಮಾತು ಬಿಟ್ಟಿದ್ದ. ‘ನೀನು ಸತ್ತರೂ ಬರಲ್ಲ’ ಅಂತ ಅಕ್ಕನ ಮುಖಕ್ಕೇ ಹೇಳಿ ಹೋಗಿದ್ದ. ಏನೇ ಆದರೂ ಒಡಹುಟ್ಟಿದವನು, ಅವನಾದರೂ ದಾರಿಯಲ್ಲಿ ಎದೆ ಒಡಕೊಳ್ಳದೆ ಬರಲಿ ಅಂತ ಆಸ್ಪತ್ರೆಯ ಹೆಸರಿನ ಜೊತೆ ಬರೆದೆ: ‘ಸಿಸ್ಟರ್ ಸೀರಿಯಸ್. ಸ್ಟಾರ್ಟ್ ಇಮ್ಮೀಡಿಯೆಟ್ಲಿ.’ ಅವನೂ ನಮ್ಮ ಕಾಲದವನೇ ಅನ್ನೋದು ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ.

ಬಸ್ಸು ಹಿಡಿದು ಆಸ್ಪತ್ರೆ ಬಾಗಿಲಿಗೆ ಹೋದಾಗ ಅವನೂ ಆಟೋ ಇಳಿಯುತ್ತಿದ್ದ. ಕಣ್ಣು ಕೆಂಪಗೆ. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ.

‘ಭಾವ, ಧೈರ್ಯ ತಗೊಳ್ಳಿ. ಅಕ್ಕನಿಗೆ ಏನೂ ಆಗಲ್ಲ’ ಅಂದ.

ಪಾಪ, ಇವನಿಗೆ ವಿಷಯ ಗೊತ್ತಿಲ್ಲ ಅಂದುಕೊಂಡು ನಾನಂದೆ, ‘ಹೌದೋ, ಸಂಜೆಗೆಲ್ಲ ಸರಿಹೋಗ್ತಾಳೆ.’

ಪಾಪ, ಭಾವನಿಗೆ ವಿಷಯ ಗೊತ್ತಿಲ್ಲ ಅಂತ ಅವನೂ ಅಂದುಕೊಂಡನಂತೆ. ಹೀಗೆ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು ಮೆಟ್ಟಿಲು ಹತ್ತಿದೆವು.

ವಾರ್ಡಿನ ಬಾಗಿಲಿಂದಲೇ ದನಿ ಕೇಳಿಸಿತು. ‘ಒಂದು ಗುಟುಕು ಕಾಫಿ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?’ ಅಂತ ನನ್ನ ಹೆಂಡತಿ ಕನ್ನಡ ಬಾರದ ನರ್ಸಿನ ಜೊತೆ ಜಗಳ ಆಡ್ತಿದ್ದಳು! ಆ ಜಗಳದಷ್ಟು ಇಂಪಾದದ್ದನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಬೆಳಿಗ್ಗೆ ಬಿಪಿ ಏರಿತ್ತಂತೆ, ಒಂದು ಗಂಟೆ ಐಸಿಯು ಒಳಗಿಟ್ಟು ನೋಡಿದರಂತೆ, ಈಗ ಸರಿಹೋಗಿದೆಯಂತೆ, ಆಪರೇಶನ್ ಮಧ್ಯಾಹ್ನವಂತೆ. ‘ಪಾಪಾಜಿ, ಸೀರಿಯಸ್ ಅಂತ ಹಾಕಿದ್ನಲ್ಲ, ಲಿಟಲ್ ಅಂತಾನೂ ಹಾಕಿದ್ದೆ’ ಅಂದ ಅಳಿಯ.

ಹೆಂಡತಿ ನನ್ನನ್ನು ನೋಡಲೇ ಇಲ್ಲ. ತಮ್ಮನನ್ನೇ ನೋಡುತ್ತಿದ್ದಳು.

‘ಏನೋ, ಸತ್ತರೂ ಬರಲ್ಲ ಅಂದಿದ್ದೆ?’

ಅವನು ‘ಅಕ್ಕಾ’ ಅಂತ ಒಂದೇ ಸಲ ಅಂದು ಗಳಗಳ ಅತ್ತುಬಿಟ್ಟ. ಕಣ್ಣೊರೆಸಿಕೊಳ್ಳಲು ಕೈ ಮುಂದೆ ತಂದಾಗ ಬೆನ್ನ ಹಿಂದಿದ್ದ ಪೇಪರ್ ಪೊಟ್ಟಣ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಒಂದು ಮಾರುದ್ದದ ಚೆಂಡು ಹೂವಿನ ಹಾರ!

 ನಾನು ನೆಲ ನೋಡಿದೆ, ಅವನು ಫ್ಯಾನ್ ನೋಡಿದ. ಹೆಂಡತಿ ಹಾರ ನೋಡಿದಳು, ನಮ್ಮಿಬ್ಬರನ್ನೂ ನೋಡಿದಳು. ನಲವತ್ತು ವರ್ಷ ತಂತಿಯವನ ಜೊತೆ ಸಂಸಾರ ಮಾಡಿದವಳು, ಹೇಳಿಕೊಡಬೇಕಾ?

‘ಮೆಸೇಜ್ ಕಳಿಸಿದ್ಯಾರು?’

ಅವನು ನನ್ನ ಕಡೆ ಬೆರಳು ತೋರಿಸಿದ.

‘ಹಾಗಾದರೆ ಅದನ್ನ ನಿನ್ನ ಭಾವನ ಕೊರಳಿಗೆ ಹಾಕು. ಹಾಕೋ, ನೋಡ್ತೀನಿ.’

ಹಾಕಿಸಿಕೊಂಡು ನಿಂತೆ. ಎದೆಯಿಂದ ಮೊಣಕಾಲಿನವರೆಗೂ ಚೆಂಡು ಹೂವು. ಕಣ್ಣಲ್ಲಿ ನೀರು ಬರ್ತಿತ್ತು, ನಗುವೂ ಬರ್ತಿತ್ತು. ಅವಳು ಬದುಕಿದ್ದಾಳೆ ಅನ್ನೋದು ಬಿಟ್ಟು ನನಗೆ ಬೇರೇನೂ ಬೇಕಾಗಿರಲಿಲ್ಲ. ಅಷ್ಟರಲ್ಲಿ ಇನ್ನೊಬ್ಬಳು ನರ್ಸು ಬಿಪಿ ಮಿಷನ್ನು ಹಿಡಿದು ಬಂದು, ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

‘ಏನಜ್ಜ, ಏನು ವಿಶೇಷ ಇವತ್ತು?’

ನಾನು ಬಾಯಿ ತೆಗೆಯೋದಕ್ಕೆ ಮೊದಲೇ ಹೆಂಡತಿ ತೋಳು ಮುಂದೆ ಚಾಚಿ ಹೇಳಿದಳು:

‘ವಿಶೇಷ ಏನಿಲ್ಲಮ್ಮ, ನಾನು ಸಾಯಲಿಲ್ಲ. ಹಾರ ವೇಸ್ಟ್ ಆಗಬಾರದು ಅಂತ ಅವರು ಹಾಕ್ಕೊಂಡಿದ್ದಾರೆ.’