ಟಾಕೀಸಿನ ಇಳಿಜಾರೂ ನನ್ನ ಮೇಜೂ

"ನೆಲ ಸಮ ಮಾಡೋ ಮಾತೇ ಇಲ್ಲ!" ಅಂತ ನಾನು ಘೋಷಿಸಿದ ತಕ್ಷಣ ನನ್ನ ಹೆಂಡತಿ ಕೈಲಿದ್ದ ಪೊರಕೆ ಕೆಳಗಿಟ್ಟಳು. ಆಕೆ ಪೊರಕೆ ಕೆಳಗಿಟ್ಟಳು ಅಂದ್ರೆ ಮಾತು ಗಂಭೀರವಾಯ್ತು ಅಂತ ಅರ್ಥ.

ನಾವು ನಿಂತಿದ್ದದ್ದು ನಮ್ಮ ಹೊಸ ಮನೆಯಲ್ಲಿ. ಹೊಸ ಮನೆ ಅಂದ್ರೆ ಹಳೇ ಟಾಕೀಸು! ಸಿನಿಮಾ ನಿಂತು ಎಷ್ಟೋ ವರ್ಷವಾಗಿತ್ತು. ಕುರ್ಚಿಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು, ಪರದೆ ಇಲಿಗಳ ಪಾಲಾಗಿತ್ತು. ಪ್ರೊಜೆಕ್ಟರ್ ರೂಮು ನಮಗೆ ಅಡುಗೆಮನೆ, ಬಾಲ್ಕನಿ ಮಲಗೋ ಕೋಣೆ. ಕೆಳಗಿನ ದೊಡ್ಡ ಹಾಲ್ ಪೂರ್ತಿ ಹೆಂಡತಿಯ ಹೊಲಿಗೆ ತರಗತಿಗೆ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಬರೀ ಕಾಲರ್ ಹೊಲಿದೂ ಹೊಲಿದೂ ಆಕೆ ರೋಸಿಹೋಗಿದ್ದಳು. ಕೆಲಸ ಬಿಟ್ಟು ಸ್ವಂತದ್ದು ಶುರು ಮಾಡಬೇಕು ಅನ್ನೋದು ಆಕೆಯ ಬಹಳ ದಿನದ ಆಸೆ. ಮೊದಲ ದಿನ ನೋಡೋಕೆ ಬರೋ ಹೆಂಗಸರು ಒಪ್ಪಿ ಸೇರಿದರೆ ಸರಿ. ಇಲ್ಲದಿದ್ದರೆ ಮತ್ತೆ ಅದೇ ಫ್ಯಾಕ್ಟರಿ, ಅದೇ ಕಾಲರು.

"ರೀ, ಬಾಗಿಲಿಂದ ಪರದೆ ಕಡೆಗೆ ನೆಲ ಇಳೀತಾ ಹೋಗುತ್ತಲ್ಲ, ಇದರ ಮೇಲೆ ಮೇಜು ಕುರ್ಚಿ ಹೇಗ್ರೀ ನಿಲ್ಲುತ್ತೆ?"

"ಇಳಿಜಾರೇ ಟಾಕೀಸಿನ ಜೀವ ಕಣೇ! ಸಿಮೆಂಟ್ ಸುರಿದು ಮುಚ್ಚೋದು ಅಂದ್ರೆ ಕೊಲೆ!"

"ಮೇಜು ಜಾರಿ ಯಾರ ಮೇಲಾದ್ರೂ ಬಿದ್ರೆ ಅದಕ್ಕೇನಂತಾರೆ?"

"ಬೀಳಲ್ಲ. ಅದರ ಹೊಣೆ ನಂದು!"

ನಿಜ ಹೇಳಲಾ? ಟಾಕೀಸಿನ ಜೀವಕ್ಕಿಂತ ಹೆಚ್ಚಾಗಿ ನನಗಿದ್ದದ್ದು ಕುತೂಹಲ. ಇಳಿಜಾರಿರೋ ಮನೆಯಲ್ಲಿ ಯಾರಾದ್ರೂ ಬದುಕಿದ್ದಾರಾ? ಬಂದ ದಿನವೇ ಬಾಗಿಲಲ್ಲಿ ಕೂತು ಒಂದು ನಿಂಬೆಹಣ್ಣು ಬಿಟ್ಟೆ. ಅದು ಉರುಳಿ ಉರುಳಿ, ಕಂಬಕ್ಕೆ ತಾಗಿ, ದಾರಿ ಬದಲಿಸಿ, ಪರದೆ ಮುಂದಿನ ಕಟ್ಟೆಗೆ ಹೋಗಿ ಮುಟ್ಟಿತು. ಆಹಾ! ಆಮೇಲೆ ಈರುಳ್ಳಿ ಬಿಟ್ಟೆ, ಅದು ಸೊಟ್ಟಗೆ ಹೋಯಿತು. ಆಲೂಗಡ್ಡೆ ಅರ್ಧ ದಾರಿಯಲ್ಲಿ ನಿಂತು ಯೋಚನೆ ಮಾಡಿತು. ಬದನೆಕಾಯಿ ಇದ್ದಲ್ಲೇ ಸುತ್ತು ಹೊಡೆಯಿತು. ಯಾಕೆ ಹೀಗೆ? ಇನ್ನೊಂದು ಸಲ ನೋಡೋಣ! ಕೊನೆಕೊನೆಗೆ ಹೆಂಡತಿ ತರಕಾರಿ ಬುಟ್ಟಿ ನೋಡೋದನ್ನೇ ಬಿಟ್ಟಳು. ಸಾರಿಗೆ ಏನಾದ್ರೂ ಬೇಕಾದ್ರೆ ನೆಟ್ಟಗೆ ಹೋಗಿ ಕಟ್ಟೆ ಕೆಳಗೆ ಬಗ್ಗಿ ನೋಡೋಳು.

"ನಿಮ್ಮ 'ನೋಡೋಣ' ಇದೆಯಲ್ಲ, ಅದು ಒಂದಿನ ನನ್ನ ಕುತ್ತಿಗೆಗೆ ಬರುತ್ತೆ" ಅಂದಳು.

ಅಷ್ಟರಲ್ಲಿ ನನ್ನ ತಲೆಗೆ ಆ ಮಹಾ ಉಪಾಯ ಹೊಳೆದಿತ್ತು. ನೆಲ ಸೊಟ್ಟಗಿದ್ದರೆ ಏನಂತೆ, ಮೇಜು ಕುರ್ಚಿಗಳನ್ನೇ ಸೊಟ್ಟ ಮಾಡಿದರಾಯ್ತು! ಆಫೀಸಿನಲ್ಲಿ ಫೈಲು ಜೋಡಿಸೋ ನಾನು ಗರಗಸ ಕಡ ತಂದು ಕೂತೆ. ಬಾಗಿಲ ಕಡೆಯ ಕಾಲುಗಳನ್ನು ಗಿಡ್ಡ ಮಾಡಿದೆ, ಪರದೆ ಕಡೆಯವನ್ನು ಉದ್ದಕ್ಕೇ ಉಳಿಸಿದೆ. ಮೇಜಿನ ಮೇಲೆ ತುಂಬಿದ ಲೋಟ ಇಟ್ಟರೆ ಒಂದು ಹನಿ ತುಳುಕಲಿಲ್ಲ!

ಹೆಂಡತಿಯೂ ಬಗ್ಗಿ ನೋಡಿದಳು. "ಪರವಾಗಿಲ್ವೇ" ಅಂದಳು. ಅವಳ ಬಾಯಲ್ಲಿ ಆ ಮಾತು ಕೇಳಿ ನಾನು ಉಬ್ಬಿಹೋದೆ. ಆ ಹುರುಪಿನಲ್ಲೇ ಟಿಕೆಟ್ ಕೌಂಟರಿನಲ್ಲಿ ಸಿಕ್ಕ 'ಹೌಸ್‌ಫುಲ್' ಬೋರ್ಡನ್ನು ಒರೆಸಿ ಬಾಗಿಲ ಪಕ್ಕ ಒರಗಿಸಿಟ್ಟೆ.

"ಆ ತಗಡು ಯಾಕ್ರೀ? ಗುಜರಿಗೆ ಹಾಕಿ."

"ಇತಿಹಾಸ ಕಣೇ! ಒಂದಿನ ಉಪಯೋಗಕ್ಕೆ ಬರುತ್ತೆ ನೋಡ್ತಿರು."

ಅಲ್ಲಿಗೆ ಸುಮ್ಮನಿದ್ದಿದ್ದರೆ ನಾನು ನಾನೇ ಅಲ್ಲ! ಮೊದಲ ತರಗತಿ ಅಂದ್ರೆ ನೆಲ ಹೊಳೀಬೇಡವೇ? ಹಿಂದಿನ ದಿನ ಇಡೀ ಹಾಲಿಗೆ ಮೇಣದ ಪಾಲಿಶ್ ಹಾಕಿ ತಿಕ್ಕಿದೆ. ಮುಖ ಕಾಣಬೇಕು, ಹಾಗೆ.

ಬೆಳಿಗ್ಗೆ ಹೆಂಗಸರು ಬಂದರು. ನಾನು ಕಾಲು ಕತ್ತರಿಸಿದ ಕುರ್ಚಿಗಳಲ್ಲಿ ಪರದೆ ಕಡೆಗೆ ಮುಖ ಮಾಡಿ ಕೂತರು. ಅವರಲ್ಲಿ ಪಕ್ಕದ ಬೇಕರಿಯ ಅಕ್ಕ ಬಾಯಿಗೆ ಪ್ರಸಿದ್ಧಿ. ಆಕೆ ಒಪ್ಪಿದರೆ ಬೀದಿಯೇ ಒಪ್ಪಿದ ಹಾಗೆ. ಎಲ್ಲರೆದುರು ಬಟ್ಟೆ ಕತ್ತರಿಸೋ ಮೇಜು. ಮೇಜಿನ ಮೇಲೆ ಹೊಸ ಬಟ್ಟೆಯ ಥಾನು, ಗುಂಡಿಗಳ ಡಬ್ಬ, ಟೇಪು. ಮೇಜಿನ ಆಚೆ ಬದಿ, ಪರದೆ ಕಡೆ, ಹೆಂಡತಿ ನಿಂತಿದ್ದಳು.

"ರೀ, ಡ್ರಾಯರ್ ಅವರ ಕಡೆಗಿದೆ. ಕತ್ತರಿ ಅದರಲ್ಲಿದೆ, ಸ್ವಲ್ಪ ತೆಗೆದುಕೊಡಿ" ಅಂದಳು.

ತೆಗೆದುಕೊಟ್ಟಿದ್ದರೆ ಮುಗೀತಿತ್ತು. "ಪ್ರತಿ ಸಲ ಸುತ್ತಿಕೊಂಡು ಬರ್ತೀಯಾ? ಇರು, ಮೇಜನ್ನೇ ತಿರುಗಿಸಿಬಿಡ್ತೀನಿ!" ಅಂತ ಹೀರೋ ಥರ ಮೇಜು ಹಿಡಿದು ಅರ್ಧ ಸುತ್ತು ತಿರುಗಿಸಿದೆ.

ತಿರುಗಿಸಿದ ಮೇಲೆ ಜ್ಞಾನೋದಯವಾಯ್ತು. ಉದ್ದ ಕಾಲು ಎತ್ತರದ ಕಡೆ! ಗಿಡ್ಡ ಕಾಲು ತಗ್ಗಿನ ಕಡೆ! ಒಂದು ಇಳಿಜಾರಿದ್ದದ್ದು ಎರಡಾಯ್ತು!

ಮೊದಲು ಥಾನು ಉರುಳಿತು, ಉದ್ದಕ್ಕೂ ಬಿಚ್ಚಿಕೊಳ್ಳುತ್ತಾ. ಅದರ ಹಿಂದೆ ಗುಂಡಿಗಳು ಗಲಗಲ ಅಂತ ಓಡಿದವು. ಹೆಂಡತಿ ಪಕ್ಕಕ್ಕೆ ಹಾರಿದಳು. ಮೇಣದ ನೆಲದ ಮೇಲೆ ಮೇಜು ಹೊರಟೇಬಿಟ್ಟಿತು. "ಹಿಡೀರಿ! ಹಿಡೀರಿ!" ಅಂದಳು. ನಾನು ಹಿಡಿದೇ ಇದ್ದೆ ಸ್ವಾಮಿ, ಅದಕ್ಕೇ ಜೊತೆಗೆ ಹೋದೆ! ಮೇಜು ಕಟ್ಟೆಗೆ ಧಡ್ ಅಂತ ಹೊಡೆದು ನಿಂತಿತು. ನಾನು ಮೇಜಿನ ಮೇಲಿಂದ ಹಾರಿ, ಕಟ್ಟೆಯ ಮೇಲೆ ಬಟ್ಟೆಯಲ್ಲಿ ಸುತ್ತಿಕೊಂಡು ಬಿದ್ದೆ.

ಹಾಲ್ ತುಂಬಾ ನಗು. ನನಗೆ ನಗು ಬರಲಿಲ್ಲ. ಹೆಂಡತಿಯ ಕಣ್ಣಲ್ಲಿ ನೀರು ತುಂಬಿತ್ತು. ಮುಗೀತು, ನನ್ನಿಂದಾಗಿ ಮತ್ತೆ ಕಾಲರು ಹೊಲೀಬೇಕು ಇವಳು.

ಆಕೆ ಕಣ್ಣೊರೆಸಿಕೊಂಡು ಕಟ್ಟೆ ಹತ್ತಿದಳು. ಕೊರಳಿಗೆ ಟೇಪು ಹಾಕಿಕೊಂಡಳು.

"ನಕ್ಕಿದ್ದಾಯ್ತಾ? ಹಾಗಾದ್ರೆ ಇಲ್ಲಿ ನೋಡಿ. ಅಳತೆ ತಗೊಳ್ಳೋದು ಹೇಗೆ ಅಂತ ತೋರಿಸ್ತೀನಿ. ರೀ, ಏಳಿ. ಅಲ್ಲಾಡಬೇಡಿ."

ಅಲ್ಲಾಡಲಿಲ್ಲ. ಭುಜ ಅಳೆದಳು, ತೋಳು ಅಳೆದಳು. ಹೊಟ್ಟೆಗೆ ಬಂದಾಗ ಟೇಪು ಸಾಲದೆ ಸ್ಕೇಲು ಜೋಡಿಸಿ, ಸಂಖ್ಯೆಯನ್ನು ಗಟ್ಟಿಯಾಗಿ ಓದಿದಳು. ಟಾಕೀಸಲ್ಲವೇ, ಕೊನೇ ಸಾಲಿನವರೆಗೂ ಸ್ಪಷ್ಟವಾಗಿ ಕೇಳಿಸಿತು!

ಆಗ ಬೇಕರಿ ಅಕ್ಕ ಎದ್ದು ನಿಂತಳು. "ಅಲ್ಲ ಕಣ್ರೇ, ಗಮನಿಸಿದ್ರಾ? ನಾನು ಮೊದಲು ಹೋಗ್ತಿದ್ದ ಹೊಲಿಗೆ ಕ್ಲಾಸಲ್ಲಿ ಬರೀ ಮುಂದಿನವರ ಜಡೆ ನೋಡಿಕೊಂಡು ಬಂದಿದ್ದೆ. ಇಲ್ಲಿ ಹಿಂದೆ ಕೂತ್ರೂ ಮೇಡಂ ಬೆರಳು ಕಾಣ್ಸುತ್ತೆ! ನನ್ನ ಹೆಸರು ಬರ್ಕೊಳ್ಳಿ."

ಆಮೇಲೆ ಹೆಸರು ಬರೆಸೋಕೆ ನೂಕುನುಗ್ಗಲು. ನಾನು ಬಟ್ಟೆ ಕೊಡವಿಕೊಂಡು ಎದೆ ಉಬ್ಬಿಸಿದೆ. "ಕೇಳಿಸ್ತಾ? ಇಳಿಜಾರೇ ಟಾಕೀಸಿನ ಜೀವ ಅಂತ ನಾನು ಹೇಳಿರಲಿಲ್ವಾ!"

"ಹೇಳಿದ್ರಿ, ನೀವೇ ಗೆದ್ರಿ" ಅಂದಳು ಹೆಂಡತಿ, ಬಹಳ ಪ್ರೀತಿಯಿಂದ. "ಈಗ ಆ ಗುಂಡಿಗಳನ್ನೆಲ್ಲ ಆರಿಸಿಕೊಂಡು ಹೊರಗೆ ಹೋಗಿ ಬಣ್ಣಬಣ್ಣ ಬೇರೆ ಮಾಡಿ."

ಗುಂಡಿಗಳನ್ನೆಲ್ಲ ಬೇರೆ ಮಾಡಿ, ಪಾಠ ಹೇಗೆ ಸಾಗಿದೆ ನೋಡೋಣ ಅಂತ ವಾಪಸ್ ಬಂದರೆ ಬಾಗಿಲು ಹಾಕಿತ್ತು. ನಾನೇ ಒರೆಸಿಟ್ಟ ಬೋರ್ಡು ಚಿಲಕಕ್ಕೆ ತೂಗಾಡುತ್ತಿತ್ತು: 'ಹೌಸ್‌ಫುಲ್'!